ಮತ್ತಿಹಳ್ಳದ ಚಪ್ಪಡಿ

ನಾನು ಒಂದು ಕಲ್ಲು ಚಪ್ಪಡಿ. ಕರುಣೆಯಿಲ್ಲದವರನ್ನು ನೀವು ‘ಕಲ್ಲೆದೆಯವರು’ ಎಂದು ಬೈಯುತ್ತೀರಲ್ಲ, ಅದನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಮೊದಲು ನನ್ನ ಕಥೆ ಕೇಳಿ, ಬೈಗುಳ ಆಮೇಲೆ ನೋಡೋಣ.

ಚಾಮರಾಜನಗರದ ಕಡೆಯ ಒಂದು ಬಂಡೆಯಿಂದ ಕಲ್ಲುಕುಟಿಗ ಮುನಿವೆಂಕಟ ನನ್ನನ್ನು ಸೀಳಿ ತೆಗೆದ. ನೋವಾಯಿತು, ನಿಜ. ಆದರೆ ಮೊದಲ ಸಲ ಬಿಸಿಲು ಕಂಡ ಖುಷಿ ಅದಕ್ಕಿಂತ ದೊಡ್ಡದಾಗಿತ್ತು. ಅಲ್ಲಿಂದ ಕಾಡಂಚಿನ ಅರಣ್ಯ ಬಂಗಲೆಗೆ ಬಂದು ಬಟ್ಟೆ ಒಗೆಯುವ ಕಲ್ಲಾದೆ. ಅಡುಗೆಯವನ ಹೆಂಡತಿ ಸಿದ್ದಮ್ಮ ಸಾಹೇಬರ ಮೇಲಿನ ಕೋಪವನ್ನೆಲ್ಲ ಅವರ ಪ್ಯಾಂಟು ಹಿಡಿದು ನನ್ನ ಮೇಲೆ ತೀರಿಸಿಕೊಳ್ಳುತ್ತಿದ್ದಳು. ಏಟು ತಿಂದು ತಿಂದು ನನ್ನ ಮೈ ನುಣ್ಣಗಾಯಿತು. ಬಟ್ಟೆ ಒಗೆಯುವ ಯಂತ್ರ ಬಂದ ಮೇಲೆ ನನ್ನನ್ನು ಕೇಳುವವರೇ ಇಲ್ಲದೆ ಹಿತ್ತಲ ಗೋಡೆಗೆ ಒರಗಿಕೊಂಡಿದ್ದೆ.

ಇಲಾಖೆಯವರನ್ನು ಕೇಳಿ ನನ್ನನ್ನು ಅಲ್ಲಿಂದ ಎತ್ತಿಸಿದವರು ಪೇಟೆಯ ಪಾತ್ರೆ ಅಂಗಡಿಯ ಪುಟ್ಟಮಲ್ಲಪ್ಪ. ಬಂಗಲೆಯ ಹತ್ತಿರದ ಮತ್ತಿಹಳ್ಳದ ದಡದಲ್ಲಿ ಒಂದು ದೊಡ್ಡ ಹೊಳೆಮತ್ತಿ ಮರವಿದೆ. ಅವರ ತಾಯಿ ದೊಡ್ಡತಾಯಮ್ಮ ಸೀಗೆಕಾಯಿ ಆಯಲು ಬಂದಾಗ ಅದರ ಕೊಂಬೆಗೆ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸುತ್ತಿದ್ದರಂತೆ. ಆ ಕೂಸೇ ಈ ಪುಟ್ಟಮಲ್ಲಪ್ಪ. ತಾಯಿ ತೀರಿಕೊಂಡ ಮೇಲೆ ಅವರು ಮರದ ಸುತ್ತ ಕಟ್ಟೆ ಕಟ್ಟಿಸಿದರು. ನಮ್ಮ ಕಡೆ ಮರಕ್ಕೆ ಕಟ್ಟೆ ಕಟ್ಟಿಸುವುದೆಂದರೆ ಪುಣ್ಯದ ಕೆಲಸ. ಬುಡಕ್ಕೆ ಮಣ್ಣು ತುಂಬಿಸಿ, ಮೇಲೆ ದಪ್ಪಗೆ ಸಿಮೆಂಟು ಬಳಿಸಿ, ನನ್ನ ಅಂಚಿಗೆ ತಾಯಿಯ ಹೆಸರು ಕೆತ್ತಿಸಿ ಕಟ್ಟೆಯ ಮುಂಭಾಗದಲ್ಲಿ ಕೂರಿಸಿದರು.

ಅಬ್ಬಾ, ಆಗ ನನ್ನ ಜಂಬ ನೋಡಬೇಕಿತ್ತು! ರಜೆ ಬಂತೆಂದರೆ ಕಾರುಗಳು ಮರದ ಬುಡದವರೆಗೂ ಬರುತ್ತಿದ್ದವು. ನನ್ನ ಮೇಲೆ ಚಿತ್ರಾನ್ನದ ಡಬ್ಬಿ ಬಿಚ್ಚುತ್ತಿದ್ದರು, ಇಸ್ಪೀಟು ಹಾಕುತ್ತಿದ್ದರು. ಎಷ್ಟೇ ಬಿಗುಮಾನದವರಾದರೂ ಕಾಡಿಗೆ ಬಂದೊಡನೆ ಚಪ್ಪಲಿ ಕಳಚಿ ಕಾಲು ಚಾಚುತ್ತಾರೆ. ಅದನ್ನು ನೋಡುವುದೇ ನನಗೊಂದು ಸುಖ.

ಕೆಲವು ವರ್ಷಗಳಲ್ಲಿ, ಮರದ ತುದಿ ಒಣಗುತ್ತಿದೆ ಎಂದು ಬಂದವರು ಹೇಳತೊಡಗಿದರು. ಎಲೆಗಳು ಅಕಾಲದಲ್ಲಿ ಉದುರಿ ನನ್ನ ಮೇಲೆ ಬೀಳುತ್ತಿದ್ದವು. ನನಗೆ ಭಯವಾಯಿತು.

ಹೊಸದಾಗಿ ಬಂದ ಅರಣ್ಯಾಧಿಕಾರಿ ತೇಜಾವತಿ ಕಾವಲುಗಾರ ಕೇತೇಗೌಡನಿಂದ ಪಕ್ಕದ ನೆಲ ಅಗೆಸಿದರು. ಮಣ್ಣು ಕಾರಿನ ಚಕ್ರಕ್ಕೆ ಸಿಕ್ಕಿ ಗಟ್ಟಿಯಾಗಿತ್ತು, ಹಾರೆ ಟಣ್ಣೆಂದಿತು. ಅವರು ಪುಟ್ಟಮಲ್ಲಪ್ಪನವರನ್ನು ಕರೆಸಿದರು.

“ಬೇರಿಗೆ ಗಾಳಿ ನೀರು ಏನೂ ಇಳೀತಿಲ್ಲ ಯಜಮಾನ್ರೇ. ಕಟ್ಟೆ ತೆಗೀದಿದ್ರೆ ಮರ ಉಳಿಯೋದು ಕಷ್ಟ. ನಿಮ್ಮನ್ನ ಕೇಳ್ದೆ ಒಡೆಸೋಕೆ ನನಗೆ ಮನಸ್ಸಿಲ್ಲ.”

“ನಮ್ಮವ್ವನ ಹೆಸ್ರಲ್ಲಿ ಕಟ್ಸಿರೋದು ಕಣ್ ಮೇಡಮ್ಮೋರೆ! ಕಟ್ಟೆ ಕಟ್ಟುದ್ರೆ ಮರ ಸಾಯ್ತದಾ?” ಎಂದು ರೇಗಿದ ಅವರು ಹಿಂತಿರುಗಿಯೂ ನೋಡದೆ ಹೊರಟುಹೋದರು.

ಮಾರನೆಯ ದಿನ ಬೆಳಿಗ್ಗೆ ತಾವೇ ಒಂದು ಹಾರೆ ಹಿಡಿದು ಬಂದರು. ಮರದ ತುದಿಯನ್ನು ಬಹಳ ಹೊತ್ತು ನೋಡಿದರು. “ಜೋಲಿ ಕಟ್ಟಿದ್ ಮರಕ್ಕೇ ಉರ್ಲು ಹಾಕ್ಬುಟ್ನಲ್ಲಪ್ಪಾ ನಾನು” ಎಂದು ಕಣ್ಣೊರೆಸಿಕೊಂಡು ಮೊದಲ ಏಟು ಹಾಕಿದರು. ಆ ಏಟಿಗೆ ನನ್ನ ಅಂಚು ಚೂರಾಯಿತು.

“ಅಯ್ಯೋ ಬುದ್ಧಿ, ಅವ್ವೋರ ಹೆಸ್ರು ಒಡ್ದೋಯ್ತು!” ಎಂದ ಕೇತೇಗೌಡ.

“ಹೋಗ್ಲಿ ಬುಡು. ನೀನು ಆ ಕಡೆಯಿಂದ ಮೀಟು.”

ಆ ಮಳೆಗಾಲ ಪೂರ್ತಿ ಮತ್ತಿಹಳ್ಳಕ್ಕೆ ಯಾರನ್ನೂ ಬಿಡಲಿಲ್ಲ. ಗಟ್ಟಿ ನೆಲವನ್ನು ಸಡಿಲಿಸಿ, ತರಗೆಲೆ ಹರಡಿ, ಮರದ ಸುತ್ತ ಬಿದಿರಿನ ಬೇಲಿ ಹಾಕಿದರು. ಕಾರುಗಳೆಲ್ಲ ಗೇಟಿನ ಹತ್ತಿರವೇ ನಿಲ್ಲಬೇಕು, ಅಲ್ಲಿಂದ ಕಾಲುದಾರಿ, ದಿನಕ್ಕೆ ಇಷ್ಟೇ ಜನ ಎಂದಾಯಿತು. ಕೂರುವ ಜಾಗವನ್ನು ಹಳ್ಳದ ಆಚೆ ದಡದ ಬಂಡೆಯ ಮೇಲೆ ಮಾಡಿದರು. ನನಗೂ ಅಲ್ಲೇ ಜಾಗ ಸಿಕ್ಕಿತು. ಮರವನ್ನು ಬಿಟ್ಟು ಬರುವಾಗ ನನಗೆ ಅಳು ಬಂದಂತಾಗಿತ್ತು.

ಈಗ ನನಗೆ ವಯಸ್ಸಾಗಿದೆ. ಪುಟ್ಟಮಲ್ಲಪ್ಪನವರಿಗೂ ಆಗಿದೆ. ಕೋಲೂರಿಕೊಂಡು ಆಗಾಗ ಬಂದು ನನ್ನ ಮೇಲೆ ಕೂರುತ್ತಾರೆ. ಮೊನ್ನೆ ಪ್ರವಾಸಕ್ಕೆ ಬಂದ ಹೆಂಗಸೊಬ್ಬರು ನನ್ನ ಒಡೆದ ಅಂಚು ಮುಟ್ಟಿ ಕೇಳಿದರು, “ತಾತ, ಇಲ್ಲಿ ಅರ್ಧ ಹೆಸರಿದೆಯಲ್ಲ, ಯಾರದು?”

“ನಮ್ಮವ್ವಂದು.”

“ಅಯ್ಯೋ! ಮತ್ತೆ ಕೆತ್ತಿಸಬಾರದಾ?”

“ಯಾಕವ್ವಾ? ಅಗೋ, ಅಲ್ನೋಡು” ಎಂದು ಅವರು ಎದುರು ದಡದ ಮರದತ್ತ ಕೋಲು ಎತ್ತಿದರು. “ಅವ್ವ ಜೋಲಿ ಕಟ್ತಿದ್ ಕೊಂಬೆ ಅದು. ಚಿಗ್ರದೆ.”

ಕಟ್ಟೆಯಲ್ಲಿದ್ದಷ್ಟು ಕಾಲ ನಾನು ಕಂಡಿದ್ದು ಬರೀ ಬುಡ. ಈಗ ಬುಡದಿಂದ ತುದಿಯವರೆಗೆ ಇಡೀ ಮರ ಕಾಣುತ್ತದೆ. ನೀವೂ ಬಂದು ಕೂತುಕೊಳ್ಳಿ, ನನ್ನ ಮೇಲೆ ಇನ್ನೊಬ್ಬರಿಗೆ ಜಾಗವಿದೆ. ಹಳ್ಳ ದಾಟಿ ಮರದ ಬುಡಕ್ಕೆ ಮಾತ್ರ ಹೋಗಬೇಡಿ.