ದೈಫುಲ್ಲಾನ ಬರಿದಾದ ಒರೆ

ನನ್ನ ಹಿರಿಯ ಮಗ ಹಿಝಾಮ್ ಬೋರ್ ಲಾರಿ ಓಡಿಸುತ್ತಿದ್ದ. ಲಾರಿಯ ಒಡೆಯರು ಹಾಜಿ ದೈಫುಲ್ಲಾ. ನಮ್ಮ ಜೌಫ್ ಸೀಮೆಯ ಮರಳಿನಲ್ಲಿ ಬೇರೆ ಕುಲದ ನೆಲ ದಾಟಬೇಕಾದರೆ ಆ ಕುಲದವನೊಬ್ಬ ಜೊತೆಗಾರನಾಗಿ ಲಾರಿಯಲ್ಲಿ ಕೂರಬೇಕು. ಅವನಿದ್ದಾಗ ಯಾರಾದರೂ ಕೈಯೆತ್ತಿದರೆ ಅವನ ಕುಲಕ್ಕೆಲ್ಲ ಅವಮಾನ. ನಮ್ಮ ಲಾರಿಗೆ ಶಾಯೆಫ್ ಎಂಬವನು ಜೊತೆಗಾರ.

ಕಳೆದ ವರ್ಷ ಖರ್ಜೂರದ ಕೊಯ್ಲಿನಲ್ಲಿ ಶಾಯೆಫ್ ತಂಗಿಯ ಮದುವೆಗೆ ಹೋಗಿದ್ದ. ಏನು ಮಾಡಲಿ ಎಂದು ಹಿಝಾಮ್ ಫೋನಿನಲ್ಲಿ ಕೇಳಿದ. ದಾರಿ ಗೊತ್ತಿದೆಯಲ್ಲ, ಶಾಯೆಫನ ಹೆಸರು ಹೇಳಿಕೊಂಡು ಹೋಗು ಎಂದರು ದೈಫುಲ್ಲಾ. ಹೆಸರು ಲಾರಿಯಲ್ಲಿ ಕೂರುವುದಿಲ್ಲ. ಲಾರಿ ಕಸಿಯಲು ಬಂದವರು ನನ್ನ ಮಗನನ್ನು ಕೊಂದರು. ದೇವರು ಕೊಟ್ಟವನು, ದೇವರ ಬಳಿಗೆ ಹೋದ.

ಮೂರನೆಯ ದಿನ ದೈಫುಲ್ಲಾ ನಡೆದುಕೊಂಡೇ ಬಂದರು. ನೆರೆದವರ ಎದುರು, ಅಜ್ಜನ ಕಾಲದ ಬಾಕನ್ನು ಸೊಂಟದ ಒರೆಯಿಂದ ತೆಗೆದು ನನ್ನ ಕಾಲ ಬಳಿ ಇಟ್ಟರು. ತಪ್ಪು ನನ್ನದು, ತೀರ್ಪು ನಿನ್ನದು ಎಂದು ಅದರ ಅರ್ಥ.

ನನ್ನ ಭಾವಮೈದುನ ತಡೆಯಲು ಹೋದ. "ಹಾಜಿ, ಹೊಡೆದೋರು ಬೇರೆ. ನೀವ್ಯಾಕೆ ಬಾಕು ಇಡ್ತೀರಿ?"

"ಹೊಡೆದೋನು ಬೇರೆ, ನಿಜ. ಕಳಿಸಿದೋನು ನಾನು."

ಶೇಖನ ಮುಂದೆ ಶೇಖ ಬಾಕು ಇಟ್ಟದ್ದನ್ನು ನೋಡಿದ್ದೆ. ಕೂಲಿ ಕೊಡುವವನು ಕೂಲಿಯವನ ಮನೆಗೆ ಬಂದು ಇಟ್ಟದ್ದನ್ನು ಎಪ್ಪತ್ತು ವರ್ಷದಲ್ಲಿ ಕಂಡಿರಲಿಲ್ಲ. ನಾನು ಕೊಟ್ಟ ತೀರ್ಪು ಇಷ್ಟೆ: ಒಂದು ವರ್ಷ ಲಾರಿ ಹೋದಲ್ಲೆಲ್ಲ ನೀವು ಮುಂದಿನ ಸೀಟಿನಲ್ಲಿ ಕೂರಬೇಕು, ಅಲ್ಲಿಯವರೆಗೆ ಬಾಕು ನನ್ನಲ್ಲಿರಲಿ.

ಕಿರಿಯ ಮಗ ಮುಸ್ಲಿಹ್ ಅಣ್ಣನ ಲಾರಿಯನ್ನು ತಾನು ಓಡಿಸುತ್ತೇನೆಂದು ಹಟ ಹಿಡಿದಿದ್ದ. ನಾನು ಒಪ್ಪಿರಲಿಲ್ಲ. ಉಳಿದಿದ್ದವನು ಅವನೊಬ್ಬನೇ.

ಸೊಂಟದಲ್ಲಿ ಬಾಕು ಇಲ್ಲದೆ ಸಂತೆಗೆ ಹೋದ ಗಂಡಸನ್ನು ಕಂಡರೆ ನಮ್ಮಲ್ಲಿ ಮಕ್ಕಳೂ ನಗುತ್ತವೆ. ದೈಫುಲ್ಲಾ ಬರಿಯ ಒರೆ ಕಟ್ಟಿಕೊಂಡು ಹನ್ನೊಂದು ತಿಂಗಳು ತಿರುಗಿದರು. ಹಾಜಿ ಅದರಲ್ಲಿ ಬುತ್ತಿ ಇಟ್ಟುಕೊಳ್ಳುತ್ತಾರೆ ಎಂದು ಕೆಲಸದವರು ತಮಾಷೆ ಮಾಡುತ್ತಿದ್ದರಂತೆ. ಅವರೂ ನಗುತ್ತಿದ್ದರಂತೆ.

ಅವರು ನಿಜವಾಗಿಯೂ ಮುಂದಿನ ಸೀಟಿನಲ್ಲಿ ಕೂರುತ್ತಾರೆಂದು ಜನ ಹೇಳಿದ್ದನ್ನು ನಂಬದೆ ಒಂದು ದಿನ ನಾನೇ ಲಾರಿ ಹತ್ತಿದೆ. ಬಾಕನ್ನು ಶಾಲಿನಲ್ಲಿ ಸುತ್ತಿಕೊಂಡಿದ್ದೆ. ಕುಲದ ಗಡಿಗಲ್ಲಿನ ಬಳಿ ಶಾಯೆಫ್ ಬಂದಿರಲಿಲ್ಲ. ದೈಫುಲ್ಲಾ ಇಳಿದು ಲಾರಿಯ ಮುಂದೆ ಮಣ್ಣಿನಲ್ಲಿ ಕೂತುಬಿಟ್ಟರು. ಆ ನೆಲದಾಚೆ ಹೊಲವಿದ್ದ ನಮ್ಮವನೊಬ್ಬ ಬೋರು ಕೊರೆಸಲು ಅಲ್ಲೇ ಕಾದಿದ್ದ. ಅವನಿಗೆ ತಾಳ್ಮೆ ತಪ್ಪಿತು.

"ಹಾಜಿ, ನನ್ನ ಜೋಳ ಸಾಯ್ತಾ ಇದೆ. ದಾರಿ ಇರೋದು ಅರ್ಧ ಗಂಟೆ. ಸೊಂಟದ ಬಾಕಿನ ಜೊತೆ ಗಂಡಸ್ತನವನ್ನೂ ಕೊಟ್ಟು ಬಂದ್ರಾ?"

ಕೆಲಸದವರು ತಲೆ ತಗ್ಗಿಸಿದರು. ದೈಫುಲ್ಲಾ ಕೋಪಿಸಿಕೊಳ್ಳಲಿಲ್ಲ.

"ಜೋಳ ಮತ್ತೆ ಬಿತ್ತಬಹುದಪ್ಪ," ಎಂದರು.

ಅಲ್ಲೇ ಮಧ್ಯಾಹ್ನದ ನಮಾಜು ಮಾಡಿದೆವು, ಇಳಿಹೊತ್ತಿನ ನಮಾಜನ್ನೂ ಮಾಡಿದೆವು. ಶಾಯೆಫ್ ಬರಲಿಲ್ಲ. ಎಂಟು ಜನರ ಕೆಲಸ, ಅಷ್ಟು ದೊಡ್ಡ ಕಬ್ಬಿಣದ ಲಾರಿ, ಒಂದು ಹೊಲಕ್ಕೆ ಬರಬೇಕಿದ್ದ ನೀರು ಎಲ್ಲವೂ ಒಬ್ಬ ಮುದುಕ ಮಣ್ಣಿನಲ್ಲಿ ಕೂತದ್ದರಿಂದ ನಿಂತುಹೋಗಿದ್ದವು. ಬೆಟ್ಟವನ್ನು ನಿಲ್ಲಿಸಿದ ದೇವರು ಮನುಷ್ಯನನ್ನೂ ಹೀಗೆ ನಿಲ್ಲಿಸಬಲ್ಲ ಎಂದು ಅಂದು ತಿಳಿಯಿತು.

ಲಾರಿ ಹಿಂದಕ್ಕೆ ತಿರುಗಿತು. ನಾನು ಶಾಲು ಬಿಚ್ಚಿ ಬಾಕನ್ನು ಮುಂದೆ ಹಿಡಿದೆ. ಅವರು ಅದನ್ನು ಮುಟ್ಟಲಿಲ್ಲ.

"ಇನ್ನೂ ಒಂದು ತಿಂಗಳಿದೆಯಲ್ಲ ಅಣ್ಣ."

ಮನೆಗೆ ಬಂದಾಗ ಮುಸ್ಲಿಹ್ ಬಾಗಿಲಲ್ಲಿ ನಿಂತಿದ್ದ. ಅಣ್ಣನ ಲಾರಿ ಓಡಿಸಲಾ ಎಂದು ಎಂದಿನಂತೆ ಕೇಳಿದ. ಒಳಗೆ ಅವನ ಅಮ್ಮ ರೊಟ್ಟಿ ತಟ್ಟುವ ಸದ್ದು ನಿಂತಿತು.

"ಮುಂದಿನ ಸೀಟಲ್ಲಿ ಹಾಜಿ ಕೂತಿರ್ತಾರೆ," ಎಂದೆ. "ನೀನು ಓಡಿಸು."