ಕಾಗೆಗೋಪುರದ ತುದಿಯ ಪುಸ್ತಕ

ಕಾಗೆಗೋಪುರವೆಂಬ ಕಡಿದಾದ ಬಂಡೆಯ ಉತ್ತರದ ಮೈಯನ್ನು ಹಗ್ಗವಿಲ್ಲದೆ ಹತ್ತಿದವನು ಇಡೀ ಎಲ್ಬೆ ಕಣಿವೆಯಲ್ಲಿ ಒಬ್ಬನೇ, ಫೋಲ್ಕ್‌ಮಾರ್. ಹತ್ತಿ ಹತ್ತೊಂಬತ್ತು ವರ್ಷವಾಗಿತ್ತು. ಆಮೇಲೆ ಅವನು ಡ್ರೆಸ್ಡೆನ್ನಿನಲ್ಲಿ ಮನೆಗಳಿಗೆ ಹೆಂಚು ಹೊದಿಸಿದ, ಭಾನುವಾರಗಳಲ್ಲಿ ಎಲ್ಲರಂತೆ ಹಗ್ಗ ಕಟ್ಟಿಕೊಂಡು ಹತ್ತಿದ, ಬಿಯರ್ ಮುಂದಿಟ್ಟುಕೊಂಡು ಆ ಒಂದು ದಿನದ ಕಥೆ ಹೇಳಿದ. ಅವನ ಮರ್ಯಾದೆಯೆಲ್ಲ ನಿಂತಿದ್ದು ಆ ಕಥೆಯ ಮೇಲೆ.

ಈಗ ಪಿರ್ನಾದ ಬೇಕರಿಯಲ್ಲಿ ಹಿಟ್ಟು ನಾದುವ ಇಲ್ಕಾ ಅದೇ ಬಂಡೆಯ ಬುಡದಲ್ಲಿ ಕೂತು ಬೂಟು ಬಿಚ್ಚುತ್ತಿದ್ದಳು. ಹಗ್ಗ ತಂದೇ ಇರಲಿಲ್ಲ. ಫೋಲ್ಕ್‌ಮಾರ್‌ಗೆ ಮೈಯೆಲ್ಲ ಉರಿದುಹೋಯಿತು. ಅದಕ್ಕೆ ಬೇರೆ ಒಳ್ಳೆಯ ಹೆಸರು ಬೇಡ, ಹೊಟ್ಟೆಕಿಚ್ಚು ಅಷ್ಟೇ.

"ಅಣ್ಣಾ, ಹೋದ ವಾರ ನೀವು ಇದನ್ನೇ ಹತ್ತಿದ್ರಂತಲ್ಲ," ಎಂದಳು ಅವಳು. "ಕಲ್ಲಿನ ಹಿಡಿ ಎಲ್ಲಾ ಗಟ್ಟಿ ಇದಾವಾ?"

ಇರಲಿಲ್ಲ. ಹೋದ ವಾರ ತುದಿಯಿಂದ ಒಂದಾಳೆತ್ತರ ಕೆಳಗೆ, ಎಡಗಡೆಯ ಬಟ್ಟಲಿನಂಥ ಹಿಡಿ ಅವನ ಕೈಯಲ್ಲಿ ಹಾಲುಹಲ್ಲಿನ ಹಾಗೆ ಅಲ್ಲಾಡಿತ್ತು. ಮಳೆ ಕುಡಿದ ಮರಳುಗಲ್ಲಿನ ಹಣೆಬರಹವೇ ಅಷ್ಟು. ಅವತ್ತು ಕೆಳಗೆ ಹಗ್ಗ ಹಿಡಿದಿದ್ದ ಗೆಳೆಯ ಲೋಥಾರ್‌ಗೂ ಅವನು ಅದನ್ನು ಹೇಳಿರಲಿಲ್ಲ. ಇವಳು ಹಗ್ಗವಿಲ್ಲದೆ ಹತ್ತಲು ಬರುತ್ತಾಳೆಂಬ ಸುದ್ದಿ ಆಗಲೇ ಕಿವಿಗೆ ಬಿದ್ದಿತ್ತು.

"ನನ್ನನ್ಯಾಕೆ ಕೇಳ್ತೀಯಮ್ಮಾ? ಹತ್ತೋಳು ನೀನು."

"ಅಬ್ಬಾ, ಬಿಗುಮಾನ ನೋಡು," ಎಂದು ನಕ್ಕು ಅವಳು ಬಂಡೆಗೆ ಕೈ ಹಚ್ಚಿದಳು.

ಹತ್ತಿದಳು ಅಂದರೆ ಹಾಗೆ ಹತ್ತಿದಳು. ಅವಸರವಿಲ್ಲ, ತಡವರಿಕೆಯಿಲ್ಲ, ಬರಿಗಾಲಿನ ಹೆಬ್ಬೆರಳು ಒಮ್ಮೆ ಊರಿದ ಕಡೆ ಮತ್ತೆ ಸರಿಯುತ್ತಿರಲಿಲ್ಲ. ಫೋಲ್ಕ್‌ಮಾರ್‌ಗೆ ತನ್ನ ದಿನ ನೆನಪಾಯಿತು. ಅವತ್ತು ಅರ್ಧ ದಾರಿಯಿಂದ ಅವನ ಕಾಲು ಗಡಗಡ ನಡುಗಿತ್ತು. ಕಥೆಯಲ್ಲಿ ಆ ಭಾಗ ಎಂದೂ ಬಂದಿರಲಿಲ್ಲ.

"ನಿನಗಿಂತ ಚೆನ್ನಾಗಿ ಹತ್ತುತ್ತಾಳಲ್ಲೋ," ಎಂದ ಪಕ್ಕದಲ್ಲಿ ನಿಂತಿದ್ದ ಲೋಥಾರ್.

"ಬಾಯ್ಮುಚ್ಚು."

ಅವಳ ಎಡಗೈ ಆ ಹಿಡಿಗೆ ಹೋಯಿತು. ಫೋಲ್ಕ್‌ಮಾರ್ ಬಾಯಿ ತೆರೆದ. ಈಗ ಕೂಗಿದರೆ ಬೆಚ್ಚಿ ಬೀಳುತ್ತಾಳೆ. ಹೇಳಬೇಕಾದ ಹೊತ್ತು ಅವಳು ಕೆಳಗಿದ್ದಾಗಲೇ ಕಳೆದುಹೋಗಿತ್ತು. ಅವಳು ಬೆರಳಗೆಣ್ಣಿನಿಂದ ಕಲ್ಲನ್ನು ಎರಡು ಸಲ ಕುಟ್ಟಿ, ಕಿವಿಗೊಟ್ಟು ಕೇಳಿ, ಕೈ ಹಿಂದೆಗೆದಳು. ಬಲಕ್ಕೆ ಉಗುರಿನಷ್ಟು ಅಂಚೊಂದಿತ್ತು. ಅದನ್ನೇ ನಂಬಿ ಕಾಲನ್ನು ಎದೆಮಟ್ಟಕ್ಕೆತ್ತಿ ಮೇಲೇರಿಬಿಟ್ಟಳು.

ಫೋಲ್ಕ್‌ಮಾರ್‌ಗೆ ಉಸಿರು ಬಂತು. ಉಸಿರಿನ ಹಿಂದೆಯೇ ಉರಿಯೂ ಬಂತು.

"ನಡಿ, ಹಿಂಬದಿಯಿಂದ ಹತ್ತೋಣ," ಎಂದ. "ತುದೀಲಿರೋ ಪುಸ್ತಕದಲ್ಲಿ ಏನು ಕೊಚ್ಚಿಕೊಂಡಿದಾಳೋ ನೋಡ್ಬೇಕು."

ಹಿಂಬದಿಯ ಸುಲಭದ ಬಿರುಕಿನಲ್ಲಿ ಹಗ್ಗ ಕಟ್ಟಿಕೊಂಡು ಫೋಲ್ಕ್‌ಮಾರ್ ಮೊದಲು ತುದಿ ಮುಟ್ಟುವಷ್ಟರಲ್ಲಿ ಇಲ್ಕಾ ಇನ್ನೊಂದು ಬದಿಯಿಂದ ಇಳಿದುಹೋಗಿದ್ದಳು. ಅಲ್ಲಿಯ ತಗಡಿನ ಪೆಟ್ಟಿಗೆಯಲ್ಲಿರುವ ಪುಸ್ತಕದಲ್ಲಿ ಹತ್ತಿದವರೆಲ್ಲ ಹೆಸರು ಬರೆಯಲೇಬೇಕು. ಕೊನೆಯ ಪುಟದಲ್ಲಿ ಅವನದೇ ಸಾಲಿತ್ತು: ಹೋದ ವಾರದ ತಾರೀಖು, ಹೆಸರು, ಮುಂದೆ ಎಚ್ಚರಿಕೆ ಬರೆಯುವ ಜಾಗ ಖಾಲಿ. ಅದರ ಕೆಳಗೆ ಅವಳದು. ಹಗ್ಗವಿಲ್ಲದೆ ಹತ್ತಿದೆನೆಂಬ ಮಾತೇ ಇರಲಿಲ್ಲ.

"ಉತ್ತರದ ಮೈ, ತುದಿಯ ಎಡಹಿಡಿ ಅಲ್ಲಾಡುತ್ತಿದೆ. ಯಾರೂ ಮುಟ್ಟಬೇಡಿ. ಫೋಲ್ಕ್‌ಮಾರ್ ಅಣ್ಣನಿಗೆ ಗೊತ್ತಿದ್ದಂತಿಲ್ಲ, ಗೊತ್ತಿದ್ದರೆ ಹೇಳುತ್ತಿದ್ದರು. ಇಳಿದ ಮೇಲೆ ಅವರಿಗೆ ಹೇಳಬೇಕು."

ಅವನು ಮೂರು ಸಲ ಓದಿದ. ಇದರಲ್ಲೂ ಅವಳೇ ಮೇಲಾದಳಲ್ಲ ಎಂದೇ ಮೊದಲು ಅನಿಸಿತು, ದರಿದ್ರ ಬುದ್ಧಿ. ಆಮೇಲೆ ಪೆನ್ಸಿಲ್ ತೆಗೆದುಕೊಂಡು ಅವಳ ಸಾಲಿನ ಕೆಳಗೆ ಬರೆದ: "ಗೊತ್ತಿತ್ತು. ಹೇಳಲಿಲ್ಲ." ಹೆಸರು ಹಾಕಿದ.

ಲೋಥಾರ್ ಏದುಸಿರು ಬಿಡುತ್ತಾ ಮೇಲೆ ಬಂದು ಕೈ ಚಾಚಿದ. "ಕೊಡೋ ಇಲ್ಲಿ, ನಾನೂ ಹೆಸರು ಬರೀತೀನಿ."

ಫೋಲ್ಕ್‌ಮಾರ್ ಪುಸ್ತಕ ಮುಚ್ಚದೆ ಹಾಗೇ ಕೊಟ್ಟ.