ಬೆಳ್ಳಗಾದವರು

ಕಟ್ಟು ಬಿಚ್ಚಿದಾಗ ಬೇರೆ ಯಾರದೋ ಫೋಟೋಗಳು ಬಂದಿವೆ ಎಂದುಕೊಂಡ ಕೃಷ್ಣಮೋಹನ. ತೋಟದ ಕೆಲಸದ ರಾಸಮ್ಮನ ಹಣೆಯ ಗಾಯದ ಗುರುತು ಕಂಡ ಮೇಲೆ ಗೊತ್ತಾಯಿತು: ಮುಖ ಅವಳದೇ, ಬಣ್ಣ ಮಾತ್ರ ಅವಳದಲ್ಲ.

ಸಿಲೋನಿನಿಂದ ಬಂದು ಸುಳ್ಯದ ರಬ್ಬರ್ ತೋಟದಲ್ಲಿ ಹಾಲು ತೆಗೆಯುತ್ತಿದ್ದ ತಮಿಳರನ್ನು ಊರು ‘ಕರಿಯರು’ ಎಂದೇ ಕರೆಯುತ್ತಿತ್ತು. ಕರಿಯರೆಂದರೆ ಕಳ್ಳರು, ಕುಡುಕರು. ಯುವಕ ಮಂಡಲದ ಮೆಟ್ಟಿಲು ಹತ್ತುವಂತಿಲ್ಲ. ಪುತ್ತೂರಿನ ಕಾಲೇಜಿನಲ್ಲಿ ಪಾಠ ಹೇಳುವ ಕೃಷ್ಣಮೋಹನ ಭಾನುವಾರಗಳನ್ನೆಲ್ಲ ತೋಟದ ಸಾಲುಮನೆಗಳಲ್ಲಿ, ಅವರ ಲೈನ್‌ಮನೆಗಳಲ್ಲಿ, ಕಳೆದು ಆ ಕಪ್ಪನ್ನೇ ಫೋಟೋ ಹಿಡಿದಿದ್ದ. ಊರು ನೋಡಬೇಕು, ನಾಚಬೇಕು, ನಾಚಿದ ಮೇಲೆ ಅವರನ್ನು ಮಂಡಲಕ್ಕೆ ಸೇರಿಸಿಕೊಳ್ಳಬೇಕು. ಮೇಷ್ಟರ ಯೋಜನೆ ಇಷ್ಟು ಸಲೀಸು.

ಪ್ರದರ್ಶನದ ದಿನ ಬೆಳಿಗ್ಗೆ ಪ್ರಿಂಟುಗಳನ್ನು ಶಾಲೆಯ ಜಗಲಿಗೆ ತಂದು ಮುಟ್ಟಿಸಿದವನು ಸ್ಟುಡಿಯೋದ ಪದ್ಮಯ್ಯ.

“ಎಂತ ಮಾಡಿದ್ದು ಇದು?”

“ಟಚಿಂಗ್, ಮಾಷ್ಟ್ರೆ. ಗಂಡಿನ ಮನೆಗೆ ಕಳಿಸುವ ಫೋಟೋದಲ್ಲಿ ಹುಡುಗಿಯ ಮುಖ ಬೆಳ್ಳಗೆ ಮಾಡುದಿಲ್ವಾ, ಹಾಗೆ. ನೆಗೆಟಿವ್ ಮೇಲೆ ಪೆನ್ಸಿಲ್ ಹಿಡಿದು ಕಣ್ಣೇ ಹೋಯ್ತು ಮಾರಾಯ್ರೆ.”

“ಯಾರು ಹೇಳಿದ್ದು?”

“ಹೇಳ್ಬೇಕಾ? ಪಾಪ, ಊರವರ ಎದುರು ಹಾಕುದಲ್ವಾ?”

ಬೈಯಬೇಕೆನ್ನುವಷ್ಟರಲ್ಲಿ ಜನ ಬಂದೇಬಿಟ್ಟರು. ನೋಡಿದರು. ನಾಚಲಿಲ್ಲ, ಖುಷಿಪಟ್ಟರು.

“ಅರೆ, ಇವರು ನಮ್ಮವರ ಹಾಗೆಯೇ ಇದ್ದಾರಲ್ಲ!” ಎಂದರು ಮಂಡಲದ ಅಧ್ಯಕ್ಷ ಜತ್ತಪ್ಪ ಗೌಡರು. “ನಾವು ಸುಮ್ಮನೆ ಎಂತೆಂತದೋ ಹೇಳಿಕೊಂಡು ಇದ್ದದ್ದು. ಇವತ್ತೇ ಸೇರಿಸುವ.”

ರಾಸಮ್ಮ ತನ್ನ ಫೋಟೋದ ಎದುರು ಬಾಯಿಗೆ ಸೆರಗು ಹಿಡಿದು ನಿಂತಳು.

“ಸಾರ್, ಇದು ನಾನಾ?”

ಅಲ್ಲ ಎನ್ನಬೇಕಿತ್ತು. “ಹೌದು,” ಎಂದ. ಅವಳು ಲೈನ್‌ಮನೆಗಳವರನ್ನೆಲ್ಲ ಹೆಸರು ಹಿಡಿದು ಕೂಗಿ ಕರೆದಳು.

ಮಧ್ಯಾಹ್ನ ಎಲ್ಲರಿಗೂ ಒಂದೇ ಪಂಕ್ತಿಯಲ್ಲಿ ಊಟ. ತಮಾಷೆಗೆ ತಮಿಳು, ಉತ್ತರಕ್ಕೆ ತುಳು. ಇಷ್ಟು ಸಂತೋಷವನ್ನು ಕೃಷ್ಣಮೋಹನ ಈ ಊರಿನಲ್ಲಿ ಕಂಡಿರಲಿಲ್ಲ. ಸಂತೋಷ ಸುಳ್ಳಾಗಿರಲಿಲ್ಲ, ತೊಂದರೆ ಅದೇ. ಎದ್ದು ನಿಜ ಹೇಳಿದರೆ ಪಂಕ್ತಿಯೂ ಏಳಬಹುದು. ಹೇಳದಿದ್ದರೆ ತಾನು ಕಂಡ ಮುಖಗಳನ್ನು ಇನ್ನು ಯಾರೂ ಕಾಣುವುದಿಲ್ಲ. ಅವನು ಇನ್ನೊಂದು ಸೌಟು ಪಾಯಸ ಹಾಕಿಸಿಕೊಂಡ.

“ಗ್ರೂಪ್ ಫೋಟೋ ಆಗ್ಲಿ!” ಎಂದರು ಯಾರೋ.

ಗೌಡರ ಹೆಂಡತಿ ಪಂಕಜಾಕ್ಷಿ ಚೀಲದಿಂದ ಪೌಡರ್ ಡಬ್ಬಿ ತೆಗೆದಳು. ಇಷ್ಟು ವರ್ಷ ರಾಸಮ್ಮನ ಬೊಗಸೆಗೆ ನೀರನ್ನು ಮೇಲಿನಿಂದಲೇ ಹೊಯ್ಯುತ್ತಿದ್ದವಳು, ಈಗ ಅವಳ ಗದ್ದ ಹಿಡಿದು ಕೆನ್ನೆಗೆ ಮೆಲ್ಲಗೆ ಪೌಡರ್ ತಟ್ಟಿದಳು. ರಾಸಮ್ಮ ಕಣ್ಣು ಮುಚ್ಚಿ ಮುಖ ಒಡ್ಡಿದಳು. ಡಬ್ಬಿ ಸಾಲಿನುದ್ದಕ್ಕೂ ಕೈಯಿಂದ ಕೈಗೆ ಹೋಯಿತು.

“ಸಾರ್, ನೀವೂ ಬನ್ನಿ!”

ಕ್ಯಾಮೆರಾದ ಟೈಮರ್ ತಿರುಗಿಸಿ ಓಡಿದ. ನಿಲ್ಲುವಷ್ಟರಲ್ಲಿ ಪೌಡರ್ ಸುರಿದುಕೊಂಡ ರಾಸಮ್ಮನ ಅಂಗೈ ಅವನ ಮುಖಕ್ಕೆ ಬಿತ್ತು. ಸಾಲಿಗೆ ಸಾಲೇ ಹೋ ಎಂದು ನಕ್ಕಿತು. ಅವನೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕ. ಪೌಡರ್ ಕಣ್ಣಿಗೆ ಹೋಗಿ ನೀರು ಬಂತು. ಒರೆಸಲು ಕೈ ಎತ್ತಿದ.

“ಒರೆಸಬೇಡಿ ಸಾರ್, ಹೋಗಿಬಿಡ್ತದೆ,” ಎಂದಳು ರಾಸಮ್ಮ.

ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ನಗುವ ಬಿಳಿಯ ಸಾಲಿನ ಎದುರು ಲೆನ್ಸು ಒಂದೇ ಕಪ್ಪಗಿತ್ತು.